ಅನುಕಂಪದ ಗಾಳಿ

ಪ್ರಚಾರದ ಜೀಪು ಪಲ್ಟಿಯಾದಾಗಿನಿಂದ ಅಭ್ಯರ್ಥಿ ಗುರುನಾಥನಿಗೆ ಎಚ್ಚರವಿರಲಿಲ್ಲ. ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿ ಹೋದ ಮೇಲೆ ಅವನ ಹೆಂಡತಿ ಇಂದುಮತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಇದ್ದಳು. ಅಳು ಕೂಡ ಬರುತ್ತಿರಲಿಲ್ಲ.

ಪಕ್ಷದ ಜಿಲ್ಲಾಧ್ಯಕ್ಷ ಸಿದ್ರಾಮಪ್ಪ ಬಂದು ಪಕ್ಕದಲ್ಲಿ ಕೂತ.

“ವೈನಿ, ಮನಸ್ಸು ಗಟ್ಟಿ ಮಾಡ್ಕೋರಿ. ಅವರ ಜಾಗಾಕ್ಕ ನೀವು ನಿಲ್ಲಬೇಕು.”

“ಅವರ ಉಸಿರು ಇನ್ನೂ ಆಡಾಕತ್ತೈತ್ರಿ.”

“ಖರೇ. ಆದ್ರ ಊರಾಗ ಅನುಕಂಪದ ಗಾಳಿ ಎದ್ದೈತಿ. ಇದೊಂದ ಸೀಟಲ್ಲ, ಬಾಜೂಕಿನ ಮೂರೂ ನಮಗ ಬರ್ತಾವ. ಮುಂದ ಸರ್ಕಾರಾನೂ ನಮ್ದ.”

ಅವಳಿಗೆ ಆ ಮಾತು ಎಲ್ಲೋ ದೂರದಿಂದ ಕೇಳಿದಂತಾಯಿತು. ಹೂಂ ಎನ್ನುವಂತೆ ತಲೆಯಾಡಿಸಿದಳು. ಸಿದ್ರಾಮಪ್ಪ ಕೂಡಲೇ ರಾಜಧಾನಿಯ ನಾಯಕರಿಗೆ ಫೋನು ಹಚ್ಚಿ ಸೀಟುಗಳ ಲೆಕ್ಕ ಒಪ್ಪಿಸತೊಡಗಿದ.

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಬಂದಳು.

“ಅಕ್ಕಾರ, ಒಳಗ ಬರ್ರಿ. ಸಾಹೇಬ್ರು ಕಣ್ಣು ಬಿಟ್ಟಾರ. ನಿಮ್ಮನ್ನ ಕೇಳಾಕತ್ತಾರ.”

ಇಂದುಮತಿ ಎದ್ದು ಒಳಗೆ ಹೊರಟಳು. ಬಾಗಿಲು ದಾಟುವಾಗ ಸಿದ್ರಾಮಪ್ಪನ ತಗ್ಗಿದ ದನಿ ಕಿವಿಗೆ ಬಿತ್ತು.

“ಸಾಹೇಬ್ರ, ಬಾಜೂಕಿನ ಆ ಮೂರು ಸೀಟು ಈಗ ಬಿಟ್ಟುಬಿಡ್ರಿ.”