ಒಗೆಯುವ ಕಲ್ಲು

ಆ ಹೆಂಗಸು ಆಶ್ರಯಧಾಮ ಸೇರಿ ವರ್ಷಗಳೇ ಕಳೆದರೂ ಒಂದು ಮಾತೂ ಆಡಿರಲಿಲ್ಲ. ಊರು ಯಾವುದೋ, ಹೆಸರೇನೋ. ಮೂಗಿ ಎಂದೇ ಎಲ್ಲರೂ ತಿಳಿದಿದ್ದರು. ದಿನವೂ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ಬೆರಳ ತುದಿಗಳನ್ನು ಅದಕ್ಕೆ ಗಸಗಸ ಉಜ್ಜುವಳು. ವಾರ್ಡನ್ ಕಾತ್ಯಾಯಿನಮ್ಮ ಎಷ್ಟು ಬೈದರೂ ಬಿಡಳು. ಪಾಪ, ತಲೆ ಸರಿಯಿಲ್ಲ ಎಂದುಕೊಂಡು ಅವರೇ ಆ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು.

ಒಂದು ದಿನ ಧಾಮದವರಿಗೆಲ್ಲ ಆಧಾರ್ ಮಾಡಿಕೊಡಲು ಒಬ್ಬಾತ ಯಂತ್ರ ಹೊತ್ತು ಬಂದ. ಅವಳ ಹತ್ತು ಬೆರಳನ್ನೂ ಒತ್ತಿಸಿ ನೋಡಿದ.

"ಗೆರೆನೇ ಇಲ್ವಲ್ಲ ಮೇಡಂ, ಪೂರ್ತಿ ಸವೆದುಹೋಗಿದೆ."

ಅವಳ ಮುಖದಲ್ಲಿ ನಗು ಮೂಡಿತು. ಕಾತ್ಯಾಯಿನಮ್ಮ ಅದನ್ನು ಕಂಡದ್ದು ಅದೇ ಮೊದಲು.

"ಬೇರೆ ದಾರಿ ಇಲ್ವೇನಪ್ಪಾ? ಇವಳಿಗೆ ಪಿಂಚಣಿನಾದ್ರೂ ಬರಲಿ."

"ಕಣ್ಣಿದೆಯಲ್ಲ ಮೇಡಂ," ಎಂದವನೇ ಇನ್ನೊಂದು ಯಂತ್ರವನ್ನು ಅವಳ ಮುಖದೆದುರು ಹಿಡಿದ. ಅವಳು ನಗುತ್ತಲೇ ಅದನ್ನು ನೋಡಿದಳು.

ಸ್ವಲ್ಪ ದಿನಕ್ಕೆ ಅರ್ಜಿ ತಿರಸ್ಕಾರವಾಯಿತು. ಆ ಕಣ್ಣುಗಳ ಹೆಸರಿನಲ್ಲಿ ಆಗಲೇ ಒಂದು ಆಧಾರ್ ಇತ್ತು. ಕಾತ್ಯಾಯಿನಮ್ಮ ಕಚೇರಿಗೆ ಅಲೆದಲೆದು ಅವಳ ಹೆಸರು, ವಿಳಾಸ, ಗಂಡನ ಫೋನ್ ನಂಬರ್ ಪತ್ತೆಮಾಡಿಸಿದರು. ಅವನಿಗೆ ತಾವೇ ಫೋನ್ ಮಾಡಿದರು. ಅವನು ಹೂವು, ಹೊಸ ಸೀರೆ ಹಿಡಿದು ಬಂದ.

"ಯಾರು ಬಂದಿದ್ದಾರೆ ನೋಡೇ!" ಕಾತ್ಯಾಯಿನಮ್ಮ ಸಂಭ್ರಮದಿಂದ ಅವಳ ಕೈ ಹಿಡಿದೆಳೆದರು.

ಗೇಟಿನತ್ತ ನೋಡಿದ ಹೆಂಗಸು ಅವರ ಬೆನ್ನ ಹಿಂದೆ ಸರಿದಳು. ಮೂಗಿ ಬಾಯಿ ಬಿಟ್ಟಳು.

"ಇವನಿಗೆ ಸಿಗಬಾರದು ಅಂತಾನೇ ಬೆರಳು ಉಜ್ಜಿಕೊಂಡೆ ಅಮ್ಮಾ. ಕಣ್ಣೂ ಹಿಡಿದುಕೊಡುತ್ತೆ ಅಂತ ಗೊತ್ತಿರಲಿಲ್ಲ."