ಹಳದಿ ದೀಪಕ್ಕೆ ಹೂ ಕೇಳಿದ್ದು

"ಈ ಮೂರರಲ್ಲಿ ಯಾವುದನ್ನ ತಗೊಳ್ಳಲಿ, ನೀನೇ ಹೇಳಿಬಿಡು ಮಹಾತಾಯಿ!" ಅಂತ ನಂದಕುಮಾರ್ ಫೋನನ್ನು ಹೆಂಡತಿಯ ಮೂಗಿನ ಮುಂದೆಯೇ ಹಿಡಿದ.

ಧರಣಿ ಸಣ್ಣ ಈರುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ನನ್ನ ಕೇಳಿದ್ರೆ ಮೂರೂ ಬೇಡ, ಆ ಕಾರೂ ಬೇಡ. ಮಧ್ಯಾಹ್ನ ಬ್ರೋಕರ್ ಪೆರಿಯಸಾಮಿ ಅಣ್ಣ ಬರ್ತಾರೆ. ಕೊಟ್ಟು ಕೈ ತೊಳ್ಕೊಳುಂಗ." ಜಗಳದಲ್ಲೂ ಆ ಸೀಮೆಯ ಮರ್ಯಾದೆಯ 'ಉಂಗ' ಅವಳ ಬಾಯಿಂದ ತಪ್ಪುತ್ತಿರಲಿಲ್ಲ.

ಅವಳ ಮಾತಲ್ಲೂ ನ್ಯಾಯವಿತ್ತು. ಹೋದ ವಾರ ಆ ಕಾರು ಅವಳನ್ನು ಕರುಮತ್ತಂಪಟ್ಟಿಯ ನಡುರಸ್ತೆಯಲ್ಲಿ ಕೂರಿಸಿಕೊಂಡು ಉಸಿರು ನಿಲ್ಲಿಸಿತ್ತು. ಹಿಂದೆ ಲಾರಿಗಳು ಹಾರನ್ ಮೇಲೆ ಹಾರನ್. ಅವತ್ತಿನಿಂದ ಅವಳು ತಿರುಪ್ಪೂರಿನ ಬನಿಯನ್ ಕಂಪನಿಗೆ ಬಸ್ಸಲ್ಲೇ ಹೋಗುತ್ತಿದ್ದಳು. ಕಾರಿನ ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಮಾತ್ರ ಆರದೆ ಉರಿಯುತ್ತಿತ್ತು. ಒಬ್ಬ ಮೆಕ್ಯಾನಿಕ್ ಸೆನ್ಸರ್ ಅಂದ, ಇನ್ನೊಬ್ಬ ವೈರಿಂಗ್ ಅಂದ, ಮತ್ತೊಬ್ಬ ಪುಣ್ಯಾತ್ಮ ಇಂಜಿನ್ನನ್ನೇ ಇಳಿಸಬೇಕು ಅಂದ. ಯಾರ ಮಾತೂ ಬೇಡ, ಸ್ಟಿಯರಿಂಗ್ ಕೆಳಗೆ ಚುಚ್ಚಿದರೆ ಕಾಯಿಲೆ ಏನು ಅಂತ ಹೇಳುವ ಸಣ್ಣ ಸ್ಕ್ಯಾನರ್ ಒಂದನ್ನು ಕೊಂಡು ಮನೆಯಲ್ಲೇ ನೋಡಿಕೊಂಡರಾಯಿತು ಅಂತ ನಂದಕುಮಾರ್ ಹೊರಟ. ಎಡವಟ್ಟಾದದ್ದು ಅಲ್ಲೇ.

ಹೆಬ್ಬೆರಳಷ್ಟಿರುವ ಒಂದು, ಬ್ಲೂಟೂತಲ್ಲಿ ಫೋನಿಗೇ ಹೇಳುತ್ತದಂತೆ. ಸಾಕೋ ಸಾಕು ಅಂತ ಒಂದು ವಿಡಿಯೋ. ಮರೆತು ಕಾರಲ್ಲೇ ಬಿಟ್ಟರೆ ಬ್ಯಾಟರಿ ಕುಡಿದುಬಿಡುತ್ತದೆ ಅಂತ ಇನ್ನೊಂದು. ವೈರು, ಪರದೆ ಇರುವ ಡಬ್ಬಿಗೆ ಫೋನು ಬೇಡ, ಆದರೆ ಅದು ಬರೀ ನಂಬರ್ ತೋರಿಸುತ್ತೆ, ಅರ್ಥ ನಾವೇ ಹುಡುಕಬೇಕು. ಮೂರನೆಯದು ಬ್ರೇಕು, ಏರ್‌ಬ್ಯಾಗು ಎಲ್ಲ ಓದುತ್ತೆ, ಆನೆಯ ಅಂಕುಶ ತಂದು ಮೇಕೆಗೆ ಚುಚ್ಚಿದ ಹಾಗೆ. ಕೊನೆಗೆ ಸಿಕ್ಕವನೊಬ್ಬ, "ನಿಮ್ಮದು ಹಳೇ ಗಾಡಿ, ಈ ಸ್ಕ್ಯಾನರ್ ಕೇಳಿದ್ದಕ್ಕೆ ಅದು ಜವಾಬು ಕೊಡುತ್ತಾ, ಅದನ್ನ ಮೊದಲು ನೋಡಿ" ಅಂದ. ನಂದಕುಮಾರನ ತಲೆ ಕೆಟ್ಟು ಕೆರ ಹಿಡಿದುಹೋಯಿತು.

ಅವನ ಮಗ್ಗಗಳಾಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಸದ್ದು ಕೇಳಿಯೇ ಎಲ್ಲಿ ಸವೆದಿದೆ ಅಂತ ಹೇಳುತ್ತಿದ್ದ. ಆದರೆ ಅವರೂರು ಸೋಮನೂರಲ್ಲಿ ಎಷ್ಟೋ ಜನರ ಹಾಗೆ ಅವನೂ ಮಗ್ಗಗಳನ್ನು ಮಾರಿಬಿಟ್ಟಿದ್ದ. ಖಾಲಿ ಶೆಡ್ಡಲ್ಲಿ ಈಗ ಉಳಿದಿದ್ದು ಈ ಕಾರೊಂದೇ. ದಿನಾ ಅದರ ಬಾನೆಟ್ ಎತ್ತಿ ಏನಾದರೂ ಬಿಚ್ಚಿ ಜೋಡಿಸಿದರೆ ಮಾತ್ರ ಅವನಿಗೆ ಅನ್ನ ಸೇರುತ್ತಿತ್ತು. ಇದೂ ಹೋದರೆ ಈ ಕೈಗಳನ್ನು ಇಟ್ಟುಕೊಂಡು ಏನು ಮಾಡಲಿ? ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಒಳಗೊಳಗೇ ಹೆದರಿಕೆ.

"ಅಯ್ಯೋ, ಇಬ್ಬರೂ ಯಾಕೆ ಹೀಗೆ ಕಿತ್ತಾಡ್ತೀರಿ? ಸಾಮಿನ ಹೂ ಕೇಳಿಬುಡಾಣ," ಅಂದಳು ಜಗಲಿಯಲ್ಲಿ ಕೂತಿದ್ದ ಅವನ ತಾಯಿ ಕಮಲಾತಾಳ್. ಮನೆಯಲ್ಲಿ ಹೆಣ್ಣು ನೋಡುವುದಿರಲಿ, ಬೋರ್ ಹಾಕಿಸುವುದಿರಲಿ, ಇಕ್ಕಟ್ಟಿಗೆ ಬಂದಾಗ ಅವರು ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಕೆಂಪು ಹೂ ಕಟ್ಟಿದ ಪೊಟ್ಟಣ ಸಾಮಿ ಮುಂದಿಟ್ಟು, ಒಂದನ್ನೆತ್ತಿ ಹೂ ಕೇಳುವವರೇ. "ಬಿಳಿ ಬಂದ್ರೆ ಆ ಮಿಷಿನ್ ತಗೊಂಡು ಕಾರು ಇಟ್ಕೊ. ಕೆಂಪು ಬಂದ್ರೆ ಪೆರಿಯಸಾಮಿಗೆ ಕೊಟ್ಬುಡು. ಆಮೇಲೆ ಯಾರೂ ಉಸಿರೆತ್ತಬಾರ್ದು. ಧರಣಿ, ನಂಗೆ ಕಣ್ಣು ಮಂಜು, ನೀನೇ ಹೂ ಕಿತ್ತು ಪೊಟ್ಟಣ ಕಟ್ಕೊಂಡು ಬಾ."

ನಂದಕುಮಾರನ ಎದೆ ಧಸಕ್ಕೆಂದಿತು. ಕಾರು ಕಂಡರಾಗದವಳ ಕೈಗೇ ಪೊಟ್ಟಣವೇ? ಧರಣಿ ಹಿತ್ತಲಿಗೆ ಹೋಗಿ, ಬಾಳೆಲೆ ಚೂರಿನಲ್ಲಿ ಕಟ್ಟಿದ ಎರಡು ಪೊಟ್ಟಣ ತಂದು ಸಾಮಿ ಪಟದ ಮುಂದೆ ಇಟ್ಟಳು. ಎರಡೂ ಒಂದೇ ಥರ, ಗಟ್ಟಿ ದಾರ. ಕಮಲಾತಾಳ್ ಕಣ್ಣು ಮುಚ್ಚಿ ಕುಲದೇವರ ಹೆಸರು ಹೇಳಿ ಒಂದನ್ನು ಎತ್ತಿ ಬಿಚ್ಚಿದಳು.

ಬಿಳಿ ನಂದಿಬಟ್ಟಲು!

"ಆಯ್ತಲ್ಲ, ಸಾಮಿ ಹೇಳ್ತು," ಅಂತ ತಾಯಿ ಕೆನ್ನೆ ಬಡಿದುಕೊಂಡಳು. "ಇನ್ನೊಂದನ್ನ ಬಿಚ್ಚಬಾರ್ದು ಕಣೋ, ಹಾಗೇ ಗಿಡದ ಬುಡಕ್ಕೆ ಹಾಕ್ಬುಡು." ಧರಣಿ ಫೋನ್ ತೆಗೆದು, "ಅಣ್ಣ, ಬರಬೇಡಿ, ಸಾಮಿ ಅಪ್ಪಣೆ ಕೊಡಲಿಲ್ಲ," ಅಂತ ಪೆರಿಯಸಾಮಿಗೆ ತಮಿಳಲ್ಲಿ ಹೇಳಿ ಮತ್ತೆ ಈರುಳ್ಳಿಗೆ ಕೂತಳು.

ನಂದಕುಮಾರ್ ಖುಷಿಯಲ್ಲಿ ಹಿತ್ತಲಿಗೆ ಹೋದ. ಆದರೆ ಮುಚ್ಚಿದ್ದನ್ನು ಬಿಚ್ಚದೆ ಬಿಡುವ ಕೈಗಳಲ್ಲ ಅವು. ಅಮ್ಮನಿಗೇನು ಕಾಣುತ್ತೆ ಅಂತ ದಾರ ಎಳೆದ. ಒಳಗಿದ್ದದ್ದೂ ಬಿಳಿ ನಂದಿಬಟ್ಟಲೇ. ಅವನಿಗೆ ಒಂದೂ ತಿಳಿಯಲಿಲ್ಲ. ಸುತ್ತ ನೋಡಿದರೆ, ಕಣಗಿಲೆ ಗಿಡದ ಬುಡದಲ್ಲಿ ಆಗಷ್ಟೇ ಕಿತ್ತು ಬಿಸಾಡಿದ ಕೆಂಪು ಹೂವೊಂದು ಬಿದ್ದಿತ್ತು. ಕಾರು ಬೇಡ, ಬೇಡ ಅಂತ ವಾರವೆಲ್ಲ ಜಗಳವಾಡಿದವಳು ಇವಳೇ ತಾನೆ? ಅವನು ಬಿಳಿ ಹೂವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ.

"ಏನುಂಗ, ಸಾಮೀನೇ ಹೇಳಿದ ಮೇಲೆ ಇನ್ನೂ ಏನು ಯೋಚನೆ?" ಅಂದಳು ಧರಣಿ.

"ತಗೊ ಅಂತ ಹೇಳ್ತು," ಅಂದ ಅವನು ತಡವರಿಸುತ್ತ. "ಮೂರರಲ್ಲಿ ಯಾವುದು ಅಂತ ಹೇಳಲಿಲ್ಲ."

ಧರಣಿ ಅವನ ಗ್ರೀಸ್ ಮೆತ್ತಿದ ಮುಷ್ಟಿಯನ್ನು, ಬೆರಳ ಸಂದಿಯಲ್ಲಿ ಇಣುಕುತ್ತಿದ್ದ ಬಿಳಿ ಎಸಳನ್ನು ನೋಡಿದಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು, ಈರುಳ್ಳಿ ಹತ್ತಿರವೇ ಇತ್ತಲ್ಲ.

"ಅದಕ್ಕೂ ಹೂ ಕೇಳುಂಗ. ಈ ಸಲ ಪೊಟ್ಟಣ ಮಾತ್ರ ನೀವೇ ಕಟ್ಟುಂಗ."