ತಿಳಿಹಳದಿಯೊಳಗೊಂದು ಬಸಿರು

ಕಲಾಭವನ ಕಟ್ಟಲೆಂದು ಸುಣ್ಣಗೂಡಿನ ಕೇರಿಯನ್ನು ಕೆಡವಿದರು. ಮನೆ ಕಳಕೊಂಡವರನ್ನೆಲ್ಲ ಅದೇ ಭವನದ ಗೋಡೆಗೆ ನೇತುಹಾಕಿದ ದೊಡ್ಡದೊಂದು ಅಮೂರ್ತ ಚಿತ್ರದೊಳಗೆ ಇಟ್ಟರು. ಮನೆಗೊಂದು ಬಣ್ಣ.

ಮಂಚಮ್ಮನಿಗೆ ಸಿಕ್ಕಿದ್ದು ತಿಳಿಹಳದಿ. ಅಲ್ಲಿ ಎಲ್ಲವೂ ಚಪ್ಪಟೆ, ಯಾವುದಕ್ಕೂ ನೆರಳಿಲ್ಲ. ಎಷ್ಟೇ ಉರುಟಾಗಿ ಮುದ್ದೆ ಕಟ್ಟಿದರೂ ತಟ್ಟೆಗೆ ಹಾಕುವಷ್ಟರಲ್ಲಿ ರೊಟ್ಟಿಯಾಗಿಬಿಡುತ್ತಿತ್ತು.

"ಮುದ್ದೆ ನುಂಗಿ ವರ್ಷಾಯ್ತು ಕಣಕ್ಕ. ನೋಡೋರಿಗೆ ಮಾತ್ರ ನಾವು ಕಣ್ಣಿಗೆ ತಂಪಂತೆ," ಎಂದು ಪಕ್ಕದ ಮಾಸಲು ಗುಲಾಬಿಯಿಂದ ನಿಂಗಿ ನಕ್ಕಳು. ಮಂಚಮ್ಮನಿಗೆ ನಗೋಕೂ ಸುಸ್ತು. ಮಗಳು ಸಾಕಿ ಏಳು ತಿಂಗಳ ಬಸುರಿ. ಅವಳ ಹೊಟ್ಟೆಯೊಂದು ಮಾತ್ರ ಚಪ್ಪಟೆಯಾಗಲು ಒಪ್ಪದೆ ಕ್ಯಾನ್ವಾಸನ್ನು ಹೊರಕ್ಕೆ ದೂಡುತ್ತಿತ್ತು.

ಭವನದ ಮೇಲ್ವಿಚಾರಕ ಹೊರಗೆ ನಿಂತು ಆ ಉಬ್ಬನ್ನು ಬೆರಳಲ್ಲಿ ಒತ್ತಿ ನೋಡಿದ. ಒಳಗೆ ಸಾಕಿ ನರಳಿದಳು.

"ನೋಡಮ್ಮ ಮಂಚಮ್ಮ, ನಾಳೆ ಮಂತ್ರಿಗಳು ಬರ್ತಾರೆ, ಬಣ್ಣ ಸಮ ಇರ್ಬೇಕು. ಈ ಹಲಗೇನ ಅವಳ ಹೊಟ್ಟೆ ಮೇಲಿಟ್ಟು ಅದುಮಿ ಹಿಡ್ಕೊ. ಅವರು ಹೋಗೋವರ್ಗೂ ಅಷ್ಟೇ."

ಅವನು ಚಿತ್ರದೊಳಕ್ಕೆ ಚಾಚಿದ ಹಲಗೆಯನ್ನು ಮಂಚಮ್ಮ ಮುಟ್ಟಲಿಲ್ಲ. ಮಗಳ ಬೆನ್ನಿಗೆ ಒರಗಿ ಕೂತಳು.

"ಕೇರಿ ಬಿಡು ಅಂದ್ರಿ, ಬಿಟ್ಟೆ. ಇದರೊಳಗೆ ಇರು ಅಂದ್ರಿ, ಇದ್ದೀನಿ. ಅದು ನನ್ ಮೊಮ್ಮಗು ಸ್ವಾಮಿ. ನಾನು ಅದುಮಲ್ಲ."